ಕ್ಯಾನ್‌ಕೂನಿಗೆ ಬಾರದ ಕೃಷ್ಣ

ದೇವರನ್ನು ಹಚ್ಚಿಕೊಂಡವರ ಮನೆಯಲ್ಲಿ ನಗುವಿಗೆ ಬರವಿಲ್ಲ. ನಾವು ಒಂದು ಅಂದುಕೊಂಡು ಹೊರಡುತ್ತೇವೆ, ಅವನು ಸದ್ದಿಲ್ಲದೆ ಇನ್ನೊಂದು ನಡೆಸಿರುತ್ತಾನೆ. ಡಾಟ್‌ಕಾಮ್ ಕಂಪನಿಗಳು ದುಡ್ಡನ್ನು ನೀರಿನ ಹಾಗೆ ಚೆಲ್ಲುತ್ತಿದ್ದ ಕಾಲ ಅದು. ಅಮೆರಿಕದ ಸ್ಯಾನ್ ಹೊಸೆಯ ನಮ್ಮ ಆಫೀಸಿನವರು ಇಡೀ ಟೀಮನ್ನು ಮನೆಯವರ ಸಮೇತ ಮೆಕ್ಸಿಕೋದ ಕ್ಯಾನ್‌ಕೂನ್ ಬೀಚಿಗೆ ಕರೆದುಕೊಂಡು ಹೋದರು. ಮಂಡ್ಯದಿಂದ ಬಂದು ನನ್ನ ಜೊತೆಗಿದ್ದ ಅಮ್ಮನೂ ಹೊರಟಳು.

೧. ಡಬ್ಬಿ

ಅಮ್ಮನ ಅಂಬೆಗಾಲು ಕೃಷ್ಣ ಹಿತ್ತಾಳೆಯವನು, ಹೆಬ್ಬೆರಳಿನಷ್ಟಿದ್ದಾನೆ. ಎಲ್ಲಿಗೆ ಹೋದರೂ ಸ್ಟೀಲ್ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿಕೊಂಡು ಹೋಗುತ್ತಾಳೆ. ಅವನಿಗೆ ನೈವೇದ್ಯ ಆಗದೆ ಅವಳು ಉಣ್ಣುವುದಿಲ್ಲ.

ಹೋಟೆಲಿನಲ್ಲಿ ಬೆಳಿಗ್ಗೆ ಸ್ನಾನ ಮುಗಿಸಿ, ಕಣ್ಣು ಮುಚ್ಚಿ ಶ್ಲೋಕ ಹೇಳುತ್ತಾ ಡಬ್ಬಿ ತೆರೆದಳು. ಕಣ್ಣು ಬಿಟ್ಟರೆ ಒಳಗೆ ಏಲಕ್ಕಿ, ಲವಂಗ, ಚಕ್ಕೆ. ಮನೆಯಲ್ಲಿ ಅದೇ ಅಳತೆಯ ಡಬ್ಬಿ ಇನ್ನೊಂದಿತ್ತು.

"ಅಡುಗೆಮನೇಲೇ ಉಳಿದುಬಿಟ್ಟನಲ್ಲೋ. ಪಾಪ, ಹಸಿದಿರ್ತಾನೆ."

"ಅಮ್ಮ, ಅವನು ಜಗತ್ತನ್ನೇ ಸಾಕೋನು. ನೀನು ತಿಂಡಿ ತಿನ್ನು."

"ಜಗತ್ತನ್ನ ಅವನು ಸಾಕ್ತಾನೆ. ಅವನನ್ನ ಸಾಕೋಳು ನಾನಲ್ವಾ?"

ಮನೆಗೆ ಮರಳಿ ಅವನಿಗೆ ಉಣಿಸುವ ತನಕ ಬರೀ ಹಣ್ಣು ಎಂದುಬಿಟ್ಟಳು. ಹಟದಲ್ಲಿ ಇಬ್ಬರೂ ಒಂದೇ ಡಬ್ಬಿಯವರು.

೨. ಮೆಷೀನು

ನಮ್ಮ ತುಳಸಿಗೆ ನೀರು ಹಾಕಲೆಂದು ಪಕ್ಕದ ಅಪಾರ್ಟ್‌ಮೆಂಟಿನ ಹುಬ್ಬಳ್ಳಿಯ ಬ್ಯಾಚುಲರ್ ಒಬ್ಬನಿಗೆ ಕೀ ಕೊಟ್ಟಿದ್ದೆ. ಅವನದು ಬೇರೆ ಸ್ಟಾರ್ಟಪ್ಪು. ಅವನ ಮನೆಗೆ ಫೋನ್ ಮಾಡಿದರೆ, ಮಾತನ್ನು ಟೇಪಿನಲ್ಲಿ ಹಿಡಿದಿಡುವ ಆನ್ಸರಿಂಗ್ ಮೆಷೀನು ಸಿಕ್ಕಿತು. ಅಮ್ಮ ಫೋನ್ ಕಿತ್ತುಕೊಂಡಳು.

"ನೋಡಪ್ಪಾ, ಒಲೆ ಪಕ್ಕದ ಡಬ್ಬೀಲಿ ನಮ್ಮ ಕೃಷ್ಣ ಇದಾನೆ. ಮಂತ್ರಗಿಂತ್ರ ಏನೂ ಬೇಡ. ನೀನು ಏನು ತಿಂತೀಯೋ ಅದನ್ನೇ ಮೊದಲು ಅವನಿಗೆ ತೋರಿಸಿ ತಿನ್ನು, ಸಾಕು. ಆದರೆ ಒಂದು ಮಾತು..."

ಕುಯ್ ಅಂತ ಮೆಷೀನು ನಿಂತುಹೋಯಿತು. "ಈರುಳ್ಳಿ, ಬೆಳ್ಳುಳ್ಳಿ ಹಾಕಿದ್ದು ಬೇಡ" ಎಂದು ಅಮ್ಮ ಹೇಳಿದ್ದು ಸತ್ತ ಫೋನಿಗೆ. ಮತ್ತೆ ಮಾಡಿದರೆ ಟೇಪು ತುಂಬಿತ್ತು.

"ಅಷ್ಟೆಲ್ಲಾ ಕೇಳಿಸಿಕೊಂಡಿತು," ಅಂದಳು ಅಮ್ಮ, "ಮುಖ್ಯವಾದ್ದು ಹೇಳೋ ಹೊತ್ತಿಗೆ ಎದ್ದುಹೋಯ್ತಲ್ಲ. ಥೇಟ್ ನಿಮ್ಮಪ್ಪನ ಹಾಗೇ."

೩. ಮುಳುಗು

ಟೀಮಿನವರೆಲ್ಲ ಬೀಚಿನಲ್ಲಿ ಅಂಗಾತ ಬಿದ್ದುಕೊಂಡರು. "ಉಪ್ಪುನೀರು ನೋಡ್ತಾ ಕೂತರೆ ಅವನ ಯೋಚನೇನೇ ಬರುತ್ತೆ. ದೇವರಿರೋ ಜಾಗ ಯಾವುದೂ ಇಲ್ವಾ ಇಲ್ಲಿ?" ಎಂದಳು ಅಮ್ಮ. ಕಾರು ಬಾಡಿಗೆಗೆ ಹಿಡಿದು ಒಳನಾಡಿಗೆ ಹೊರಟೆವು.

ಕಾಡಿನ ನಡುವೆ ನೆಲ ಕುಸಿದು ಆದ ನೀಲಿ ನೀರಿನ ಕೊಳಗಳಿವೆ. ಸೆನೋಟೆ ಅನ್ನುತ್ತಾರೆ. ಮಾಯಾ ಜನರಿಗೆ ಅವು ತೀರ್ಥ. ಇಳಿಯುವ ಮುಂಚೆ ಎಲ್ಲರೂ ಮೈತೊಳೆದುಕೊಳ್ಳಬೇಕು ಎಂದು ಕಾವಲಿನವನು ಹೇಳಿದಾಗ ಅಮ್ಮ ಅರಳಿಹೋದಳು. "ನೋಡು, ಮಡಿ ಗೊತ್ತಿರೋ ಜನ."

ಸೀರೆಯ ಮೇಲೆ ಲೈಫ್ ಜಾಕೆಟ್ ಕಟ್ಟಿಕೊಂಡು ಇಳಿದಳು. ತೀರ್ಥವೆಂದ ಮೇಲೆ ತಲೆ ಮುಳುಗಬೇಕು. ಜಾಕೆಟ್ಟು ಬಿಡಲೊಲ್ಲದು. ಬೆಂಡಿನ ಹಾಗೆ ತೇಲುತ್ತಾ, "ಬಾರೋ, ತಲೆ ಒತ್ತು" ಅಂದಳು. ಒತ್ತಿದೆ. ಮೇಲೆ ಬಂದಳು. "ಇನ್ನೂ ಜೋರಾಗಿ." ಎರಡೂ ಕೈಯಲ್ಲಿ ಒತ್ತಿದೆ.

ವಿಷಲ್ ಊದುತ್ತಾ ಇಬ್ಬರು ಗಾರ್ಡುಗಳು ಧುಮುಕಿ ನನ್ನನ್ನು ಎಳೆದು ದಡಕ್ಕೆ ಹಾಕಿದರು. ಅಮ್ಮ ನೀರಿನಿಂದಲೇ ಕೈ ಮುಗಿದು ಅವರಿಗೆ ಕನ್ನಡದಲ್ಲಿ ಸಮಾಧಾನ ಹೇಳಿದಳು: "ಬಿಟ್ಟುಬಿಡ್ರಪ್ಪಾ, ಒಳ್ಳೇ ಹುಡುಗ. ಇನ್ನೊಂದೇ ಒಂದು ಸಲ ಬಾಕಿ."

೪. ಪ್ರದಕ್ಷಿಣೆ

ಅಲ್ಲಿಂದ ಮಾಯಾ ಜನರ ಹಳೆಯ ಊರು ಚಿಚೆನ್ ಇಟ್ಸಾಕ್ಕೆ ಹೋದೆವು. ಅಲ್ಲಿನ ಪಿರಮಿಡ್ಡಿನ ಮೆಟ್ಟಿಲ ಬುಡದಲ್ಲಿ ಕಲ್ಲಿನ ಹಾವುಗಳು ಬಾಯಿ ತೆರೆದು ಕೂತಿವೆ. "ನಾಗಪ್ಪ" ಎಂದು ಅಮ್ಮ ಚಪ್ಪಲಿ ಬಿಟ್ಟು, ಆ ಸುಡುಬಿಸಿಲಲ್ಲಿ ಪ್ರದಕ್ಷಿಣೆ ಶುರು ಮಾಡಿದಳು. ಬೇಡಿಕೆ ಒಂದೇ, ಕೃಷ್ಣನಿಗೆ ಯಾರಾದರೂ ತುತ್ತು ಕೊಟ್ಟಿರಲಿ. ಹಿಂದೆ ನಾನು. ಎರಡನೇ ಸುತ್ತಿಗೆ ತಿರುಗಿ ನೋಡಿದರೆ ನನ್ನ ಹಿಂದೆ ಟೆಕ್ಸಸ್ಸಿನ ಒಂದು ಟೂರ್ ಗ್ರೂಪು, ಎಲ್ಲರೂ ಬರಿಗಾಲಲ್ಲಿ, ಕೈ ಮುಗಿದುಕೊಂಡು.

ಅವರಲ್ಲೊಬ್ಬ ಮುದುಕ ಏದುಸಿರು ಬಿಡುತ್ತಾ ಕೇಳಿದ: "ನಿಮ್ಮ ಗೈಡ್ ಮೇಡಮ್ಮು ವಿವರಣೆ ಕೊಡೋಕೆ ಯಾವಾಗ ಶುರು ಮಾಡ್ತಾರೆ?"

೫. ಮಗು

ಹಿಂತಿರುಗುವಾಗ ಒಂದು ಹಳ್ಳಿಯಲ್ಲಿ ಕಾರು ನಿಲ್ಲಿಸಿದೆ. ಮಾಯಾ ಹೆಂಗಸೊಬ್ಬಳು ಮನೆ ಮುಂದೆ ಕೂತು ಜೋಳದ ಹಿಟ್ಟು ತಟ್ಟಿ ಹೆಂಚಿನ ಮೇಲೆ ಬೇಯಿಸುತ್ತಿದ್ದಳು. ನಮ್ಮ ರೊಟ್ಟಿಯ ತಂಗಿಯಂಥದು. ಬಿಸಿಯದೊಂದನ್ನು ಅಮ್ಮನ ಕೈಗಿಟ್ಟಳು. ಅಮ್ಮನ ಕಣ್ಣು ತುಂಬಿತು, ಆದರೆ ತಿನ್ನಲಿಲ್ಲ. "ಮನೇಲಿ ನನ್ನ ಮಗು ಹಸಿದಿದೆ ಅಂತ ಹೇಳೋ."

ನನ್ನ ಹರಕುಮುರುಕು ಸ್ಪ್ಯಾನಿಷ್‌ನಲ್ಲಿ ಹೇಳಿದೆ. ಆಕೆ ಅಮ್ಮನ ನೆರೆತ ತಲೆ ನೋಡಿದಳು. ಮಗು ಎಷ್ಟು ದೊಡ್ಡದು ಅಂತ ಕೇಳಿದಳು.

"ಇನ್ನೂ ಅಂಬೆಗಾಲು," ಅಂದಳು ಅಮ್ಮ. ಅದನ್ನೂ ಹೇಳಿದೆ.

ಆಕೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಆಮೇಲೆ ಅಮ್ಮನ ಬೆನ್ನು ಸವರುತ್ತಾ ನನ್ನ ಕಡೆ ತಿರುಗಿ, "ಇನ್ನು ಮೇಲಾದರೂ ನಿಮ್ಮಪ್ಪನಿಗೆ ಬುದ್ಧಿ ಹೇಳು" ಅಂದಳು.

೬. ನೈವೇದ್ಯ

ಸ್ಯಾನ್ ಹೊಸೆಯಲ್ಲಿ ಬೀಗ ತೆಗೆದ ಕೂಡಲೇ ಅಮ್ಮ ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೆ ಓಡಿದಳು. ಕೃಷ್ಣ ಡೈನಿಂಗ್ ಟೇಬಲ್ಲಿನ ಮೇಲೆ, ಮಡಿಸಿದ ಪೇಪರ್ ನ್ಯಾಪ್ಕಿನ್ನಿನ ಮೇಲೆ ಕೂತಿದ್ದ. ಮುಖ ತೊಳೆದ ಹಾಗೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಹುಬ್ಬಳ್ಳಿಯವನು ಬಂದ.

"ಅಮ್ಮಾರ, ನೀವ್ ಹೇಳಿದ್ಹಂಗ ಒಂದ್ ದಿನಾನೂ ತಪ್ಪಿಸಿಲ್ರೀ. ಅವಂಗ ತೋರಸ್ಲಾರ್ದ ನಾ ತಿಂದಿಲ್ಲ. ಆಫೀಸಿಂದ ಊಟಕ್ಕಂತ ಮನಿಗೇ ಬರ್ತಿದ್ದೆ, ಇಲ್ಲೇ ಇಬ್ರೂ ಕೂಡೇ ಉಂಡೀವಿ."

ಅಮ್ಮನಿಗೆ ಹೋದ ಜೀವ ಬಂತು. "ನೂರು ವರ್ಷ ಬಾಳಪ್ಪಾ. ಏನು ಕೊಟ್ಟೆ ನನ್ನ ಕಂದನಿಗೆ?"

"ಪಿಜ್ಜಾ ರೀ. ಮತ್ತ ಗಾರ್ಲಿಕ್ ಬ್ರೆಡ್ಡು. ಎರಡ್ ದಿನ ಈರುಳ್ಳಿ ಬರ್ಗರ್."

ನಾನು ಗೋಡೆ ನೋಡಿದೆ. ಅಮ್ಮ ಕೃಷ್ಣನನ್ನು ನೋಡಿದಳು. ಅವನು ಎಂದಿನಂತೆ ನಗುತ್ತಿದ್ದ. ಅವಳು ಕುರ್ಚಿಯಲ್ಲಿ ಕೂತು, ಮಾಯಾ ರೊಟ್ಟಿಯ ಗಂಟು ಬಿಚ್ಚಿ, ಒಂದು ಚೂರು ಅವನ ಮುಂದಿಟ್ಟು ಕೈ ಮುಗಿದಳು. ಇನ್ನೊಂದು ಚೂರನ್ನು ಹುಡುಗನ ಕೈಗೆ ಕೊಟ್ಟಳು. ಮೂರನೆಯದನ್ನು ಬಾಯಿಗಿಟ್ಟುಕೊಂಡಳು. ಅವಳು ಅಗಿಯುವುದನ್ನು ನೋಡಿ ನಾನು ಮನಸ್ಸಿನಲ್ಲೇ ಭಗವಂತನಿಗೆ ಅಡ್ಡಬಿದ್ದೆ.

"ಸದ್ಯ," ಅಂದಳು ಅಮ್ಮ ನೀರು ಕುಡಿದು. "ಬರೀ ಬಾಳೆಹಣ್ಣು ತಿಂದ್ಕೊಂಡಿದ್ದರೂ ಅಲ್ಲಿ ದಿನಾ ನನಗೆ ಹುಳಿತೇಗು ಯಾಕೆ ಬರ್ತಿತ್ತು ಅಂತ ಈಗ ಗೊತ್ತಾಯ್ತು."