ಏಲಕ್ಕಿ ಯಜಮಾನರು ಮತ್ತು ಅಡುಗೆಯಮ್ಮನ ಮೂಗು

ಎದೆ ಹಿಡಿದುಕೊಂಡು ಬಂದವರ ಮೂಗು ನೋಡುವ ಡಾಕ್ಟರಿಗೆ ತಾಳವಾಡಿ ಬೆಟ್ಟದಲ್ಲಿ ಒಳ್ಳೆಯ ಹೆಸರು ಬರುವುದಿಲ್ಲ. ನನಗೂ ಬರಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಅಲ್ಲೊಂದು ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದೆ. ಮಂಜು, ಚಳಿಗಾಳಿ, ಸೌದೆ ಒಲೆ ಎಲ್ಲ ಸೇರಿ ಅರ್ಧ ಊರು ಸೀನುತ್ತಿತ್ತು, ಇನ್ನರ್ಧ ಉಬ್ಬಸ ಪಡುತ್ತಿತ್ತು. ಈ ಎರಡಕ್ಕೂ ನಂಟಿದೆ ಎಂದು ನಾನು ಹೇಳಿದರೆ, "ಡಾಕ್ಟ್ರಮ್ಮಂಗೆ ಮೂಗಿನ ಉಚ್ಚು ಕಣ್ಲಾ" ಎಂದು ನಗುತ್ತಿದ್ದರು. ಇಂಥ ಪ್ರಸಂಗ ದಿನಕ್ಕೊಂದು ನಡೆಯುತ್ತಲೇ ಇತ್ತು. ಅದರಲ್ಲೂ ದೊಡ್ಡಗಾಜನೂರಿನ ಅಡುಗೆಯಮ್ಮನ ಕಥೆ ನೆನಪಾದರೆ ಈಗಲೂ ಒಬ್ಬಳೇ ಕೂತು ನಗುತ್ತೇನೆ.

ಜಗಲಿ ಮತ್ತು ಒಳಮನೆ

ಆಕೆ ಬಂದದ್ದು ಗಂಡನ ಜೊತೆ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಎದೆ ಸುಂಯ್ ಅನ್ನುತ್ತಿತ್ತು. ಯಜಮಾನರು ಬಿಳಿ ಶರಟು, ಹಣೆ ತುಂಬ ವಿಭೂತಿ, ಬಾಯಲ್ಲಿ ಸದಾ ಏಲಕ್ಕಿ. ಅವರು ಪಕ್ಕದಲ್ಲಿ ನಿಂತರೆ ಪಾಯಸದ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಘಮಘಮ.

ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿದೆ. ಆಮೇಲೆ ಟಾರ್ಚ್ ಹಿಡಿದು ಮೂಗು ಎತ್ತಿಸಿದೆ. ಆಕೆಗೆ ಸಿಟ್ಟೇ ಬಂತು.

"ಎದೆಗೆ ಬಂದ್ರೆ ಮೂಗು ನೋಡ್ತಿಯಲ್ಲವ್ವ! ಒಂದು ಊಸಿ ಆಕಿ ಕಳ್ಸು." ಊಸಿ ಎಂದರೆ ಇಂಜೆಕ್ಷನ್ನು, ಅದಿಲ್ಲದ ವೈದ್ಯ ಅಲ್ಲಿ ವೈದ್ಯವೇ ಅಲ್ಲ.

ಮೂಗಿನೊಳಗೆ ಎರಡೂ ಕಡೆ ದುರ್ಮಾಂಸ ಬೆಳೆದು ದಾರಿ ಮುಚ್ಚಿತ್ತು. ನಾನು ಹೇಳಿದೆ: "ಮೂಗು ಜಗಲಿ ಇದ್ದ ಹಾಗೆ, ಎದೆ ಒಳಮನೆ. ಜಗಲಿಯ ಕಸ ಗುಡಿಸದೆ ಒಳಮನೆ ಮಾತ್ರ ಸಾರಿಸಿದರೆ ಕಸ ನಿಲ್ಲುತ್ತದಾ? ಎರಡೂ ಒಂದೇ ಮನೆ. ಎದೆಗೆ ಎಳೆದುಕೊಳ್ಳುವ ಮದ್ದು, ಮೂಗಿಗೆ ಹೊಡೆದುಕೊಳ್ಳುವ ಮದ್ದು, ಎರಡೂ ಬೇಕು."

ಯಜಮಾನರು ತುಂಬ ತಿಳಿದವರಂತೆ ತಲೆಯಾಡಿಸಿದರು. "ಒಂದೇ ಮನೆ. ಸರಿಯಾಗ್ ಏಳುದ್ರಿ."

"ಮನೆಯಲ್ಲಿ ಯಾರಾದರೂ ಬೀಡಿ ಸೇದುತ್ತಾರಾ?" ಎಂದೆ.

"ಶಿವಶಿವಾ! ಲಿಂಗ ಕಟ್ಟಿರೋ ಮನೆ ಕಣ್ ತಾಯಿ," ಎಂದು ಆಕೆ ಕೆನ್ನೆ ಬಡಿದುಕೊಂಡಳು. "ನಮ್ಮೆಜಮಾನ್ರು ಬೀಡಿ ಅಂಗ್ಡಿ ಮುಂದೆ ನಿಲ್ಲಾಕೂ ಇಲ್ಲ."

ಯಜಮಾನರು ಇನ್ನೊಂದು ಏಲಕ್ಕಿ ಬಾಯಿಗೆ ಹಾಕಿಕೊಂಡು, "ಹೊರಗೆ ವಸಿ ಗಾಳಿ ಕುಡ್ಕಂಡ್ ಬತ್ತೀನಿ" ಎಂದು ಹೋದರು.

ಮಾದಪ್ಪನಿಗೆ ಇಷ್ಟವಾದ ಹೊಗೆ

ಅವರು ಅತ್ತ ಹೋದದ್ದೇ ಆಕೆ ಕಣ್ಣಲ್ಲಿ ನೀರು ತಂದುಕೊಂಡಳು. ಉಬ್ಬಸಕ್ಕಲ್ಲ, ಸೌಟಿಗೆ.

ಕಾರ್ತಿಕ ಸೋಮವಾರ ಅವರ ಊರಿನ ಮಾದಪ್ಪನ ಗುಡಿಯಲ್ಲಿ ಊರಿಗೆಲ್ಲ ಊಟ. ಅದರ ಅಡುಗೆ ಅತ್ತೆಯ ಕಾಲದಿಂದ ಈಕೆಯ ಮನೆಯದೇ. ಎಡೆ ಇಡುವ ತನಕ ನಾಲಿಗೆಗೆ ಮುಟ್ಟಿಸಿ ನೋಡುವಂತಿಲ್ಲ. ಹಾಗಾಗಿ ಅಡುಗೆಯಮ್ಮನಿಗೆ ಮೂಗೇ ನಾಲಿಗೆ. ಬೇಳೆ ಬೆಂದದ್ದು, ಹುಳಿ ಕುದಿದದ್ದು, ಪಾಯಸ ಇಳಿಸುವ ಹೊತ್ತು, ಎಲ್ಲ ವಾಸನೆಯಲ್ಲೇ ಹೇಳಬೇಕು.

ಹೋದ ವರ್ಷ ಕೊಪ್ಪರಿಗೆಯ ತಳದಲ್ಲಿ ಪಾಯಸ ಸೀದು ಕರಿಯಾದರೂ ಈಕೆಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸರಿಗೆ ಗೊತ್ತಾಯಿತು, ಆದರೆ ಅಡುಗೆಯಮ್ಮನಿಗೆ ಹೇಳುವವರು ಯಾರು? ಎಡೆಯೂ ಆಯಿತು, ಪಂಕ್ತಿಯೂ ಕೂತಿತು. ಪ್ರಸಾದವನ್ನು ಹಳಿಯುವಂತಿಲ್ಲವಲ್ಲ, ಊರಿಗೆ ಊರೇ ಕಣ್ಣುಮುಚ್ಚಿ ನುಂಗಿತು. ಕೊನೆಯಲ್ಲಿ ಒಬ್ಬ ಹಿರಿಯರು ಎಲೆಯ ಮುಂದೆ ಕೈಮುಗಿದು ಹೇಳಿದರಂತೆ: "ಈ ಸಲ ನಮ್ಮಪ್ಪ ಮಾದಪ್ಪ ವಸಿ ಒಗೆ ಇಷ್ಟಪಟ್ಟವ್ನೆ ಕಣ್ರಪ್ಪಾ."

"ಈ ವರ್ಸ ಸೌಟು ಬೇರೆಯವ್ರ ಕೈಗೆ ಕೊಡ್ಬೇಕು ಅಂತವ್ರೆ ತಾಯಿ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಉಸ್ರು ಇಲ್ದೆ ಇದ್ರೂ ಬದುಕ್ತೀನಿ, ಸೌಟು ಇಲ್ದೆ ಎಂಗ್ ಬದುಕ್ಲಿ?"

ನನಗೂ ಅಯ್ಯೋ ಅನ್ನಿಸಿತು. ಕಾರ್ತಿಕಕ್ಕೆ ಇನ್ನೂ ಸಮಯವಿತ್ತು. "ಮೂಗು ತೆರೆದರೆ ವಾಸನೆ ಬರಬಹುದು, ಎದೆಯೂ ಹಗುರಾಗುತ್ತದೆ. ಹೇಳಿದ ಹಾಗೆ ಮದ್ದು ಮಾಡಬೇಕು" ಎಂದೆ. ಊಸಿ ಕೇಳುವುದನ್ನು ಆಕೆ ಅಂದೇ ಬಿಟ್ಟಳು.

ಅರಿಶಿನದ ಕೊಂಬು

ಮುಂದಿನ ಸಲ ಇಬ್ಬರೂ ಬಂದಾಗ ಆಕೆಯ ಎದೆಯ ಸದ್ದು ಇಳಿಯುವ ಬದಲು ಏರಿತ್ತು.

"ಮದ್ದು ಹೊಡೆದುಕೊಂಡಿರಾ?"

"ಎರಡೊತ್ತೂ ಒಡ್ಕಂಡೆ. ಅದು ತಂಪಲ್ವಾ, ಅದ್ಕೆ ಬಿಸಿಗೆ ಅಂತ ಅರಿಶ್ನದ ಕೊಂಬು ಸುಟ್ಟು ಮೂಗಿಗೆ ಒಗೆ ತಕ್ಕಂಡೆ. ಮನೆ ತುಂಬ ಸಾಂಬ್ರಾಣಿನೂ ಆಕ್ದೆ."

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಜಗಲಿ ಗುಡಿಸಿ ಅಂದರೆ ಜಗಲಿಯಲ್ಲೇ ಬೆಂಕಿ ಹಾಕಿದಿರಲ್ಲಮ್ಮ! ಯಾರು ಹೇಳಿದ್ದು ಇದನ್ನ?"

"ನಮ್ಮೆಜಮಾನ್ರೇ. ಪಾಪ, ನನ್ ಮೇಲೆ ಬೋ ಅಕ್ಕರೆ. ಸಂಜೆ ಆಯ್ತು ಅಂದ್ರೆ ತಾವೇ ಕೆಂಡ ತಂದು ಒಗೆ ಆಕ್ತಾರೆ."

ಯಜಮಾನರ ಕಡೆ ತಿರುಗಿ, ಇವತ್ತಿನಿಂದ ಮನೆಯಲ್ಲಿ ಯಾವ ಹೊಗೆಯೂ ಕೂಡದು ಎಂದೆ. ಅವರ ಮುಖ ಬಾಡಿತು.

"ಯಾವ ಒಗೆನೂ ಬೇಡ್ವಾ ಡಾಕ್ಟ್ರಮ್ಮ? ವಸಿ ಸಾಂಬ್ರಾಣಿನಾರ?"

ದೇವರ ಮೇಲೆ ಎಂಥ ಭಕ್ತಿ ಇವರಿಗೆ ಎಂದುಕೊಂಡೆ.

ಕಾರ್ತಿಕ ಸೋಮವಾರ

ಹೊಗೆ ನಿಂತಿತು, ಮದ್ದು ನಡೆಯಿತು, ಉಬ್ಬಸ ಇಳಿಯಿತು. ಒಂದು ಬೆಳಿಗ್ಗೆ ಆಕೆ ಮೊದಲ ಬಸ್ಸಿಗೇ ಬಂದು, "ತಾಯಿ, ಕೊತ್ತಂಬರಿ ವಾಸ್ನೆ ಬಂತು!" ಎಂದು ನನ್ನ ಕೈ ಹಿಡಿದುಕೊಂಡು ಅತ್ತಳು.

ಈ ಸಲ ಪಾಯಸ ಸೀಯದಿದ್ದರೆ ಸೌಟು ಆಕೆಯದೇ ಎಂದು ಊರಿನ ಹಿರಿಯರು ಒಂದು ಪರೀಕ್ಷೆಗೆ ಒಪ್ಪಿದರು. ನಾನೂ ಒಂದು ಷರತ್ತು ಹಾಕಿದೆ: ಒಲೆಯ ಹತ್ತಿರ ಹೋಗಕೂಡದು, ಗಾಳಿ ಬರುವ ಬಾಗಿಲಲ್ಲಿ ಕೂತು ಹೇಳಿ ಮಾಡಿಸಬೇಕು.

ಆ ಸೋಮವಾರ ಕರೆದರೆಂದು ನಾನೂ ಹೋಗಿದ್ದೆ. ಅಡುಗೆಯಮ್ಮ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಮೂಗು ಮೇಲೆತ್ತಿ, ಒಳಗಿನ ಹೆಂಗಸರನ್ನು ದುಡಿಸುತ್ತಿದ್ದಳು. "ಹುಳಿ ಹಸಿ ಅದೆ, ಇನ್ನೊಂದ್ ಕುದಿ ಬರ್ಲಿ... ಬೆಲ್ಲ ಆಕಿ... ಪಾಯ್ಸ ಇಳ್ಸಿ, ಇಳ್ಸಿ, ತಳ ಇಡೀತದೆ!" ಕೊಪ್ಪರಿಗೆ ಇಳಿಸಿ ಸೌಟಿನಿಂದ ತಳ ಕೆರೆದರು. ಕೆಂಪಗಾಗಿತ್ತು, ಕರಿಯಾಗಿರಲಿಲ್ಲ. ಹಿರಿಯರು ಮುಖ ಮುಖ ನೋಡಿಕೊಂಡು ತಲೆದೂಗಿದರು. ಸೌಟು ಉಳಿಯಿತು.

ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಅಡುಗೆಯಮ್ಮನ ಮೂಗು ಮತ್ತೆ ಮೇಲೆದ್ದಿತು.

"ಇದ್ಯಾವ್ದು ಸುಡ್ತಾ ಅದೆ?"

"ಏನೂ ಇಲ್ಲ ಕಣಕ್ಕ, ಎಲ್ಲಾ ಇಳ್ಸಾಯ್ತು," ಎಂದರು ಒಳಗಿನವರು.

"ಅಡ್ಗೆ ಅಲ್ಲ. ಎಲೆ. ಒಣಗಿದ್ ಎಲೆ. ಜೊತೇಲಿ ಏಲಕ್ಕಿನೂ ಅದೆ."

ಆಕೆ ಎದ್ದಳು. ಮೂಗು ಮುಂದೆ, ಆಕೆ ಹಿಂದೆ, ಆಕೆಯ ಹಿಂದೆ ಹಿರಿಯರು, ಅವರ ಹಿಂದೆ ನಾನು. ಗುಡಿಯ ಹಿಂದೆ ಸೌದೆ ಒಟ್ಟಿದ್ದ ಕಡೆ ಹೋದರೆ ಯಜಮಾನರು ಕುಕ್ಕರಿಸಿ ಕೂತಿದ್ದಾರೆ. ಬಲಗೈಯಲ್ಲಿ ಬೀಡಿ, ಎಡಗೈಯಲ್ಲಿ ಸುಲಿದ ಏಲಕ್ಕಿ. ನಾವು ನಿಂತದ್ದು ನೋಡಿ ಗಾಬರಿಯಲ್ಲಿ ಬೀಡಿಯನ್ನು ಬಿಸಾಕುವ ಬದಲು ಏಲಕ್ಕಿಯನ್ನು ಬಿಸಾಕಿದರು.

ಸಾಂಬ್ರಾಣಿಯ ಮೇಲೆ ಅಷ್ಟು ಭಕ್ತಿ ಯಾಕೆಂದು ನನಗೆ ಆಗ ಹೊಳೆಯಿತು. ಹೋದ ವರ್ಷದ ಆ ಹಿರಿಯರೇ ಮುಂದೆ ಬಂದು ಹೇಳಿದರು: "ಒಗೆ ಇಷ್ಟಪಟ್ಟೋನು ಮಾದಪ್ಪ ಅಲ್ಲ ಕಣ್ರಪ್ಪಾ, ಇವನು!"

ನಡುವೆ ಒಂದು ಗೋಡೆ

ಆಮೇಲಿನ ವಾರ ಮದ್ದಿಗೆಂದು ಗಂಡ ಹೆಂಡತಿ ಇಬ್ಬರೂ ಬಂದರು. ಆಕೆ ಹೊರಗೆ ಬೆಂಚಿನ ಮೇಲೆ ಕೂತಳು. ಯಜಮಾನರು ಒಬ್ಬರೇ ಪರದೆ ಸರಿಸಿ ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ದನಿ ತಗ್ಗಿಸಿದರು.

"ಡಾಕ್ಟ್ರಮ್ಮ, ನಿಮ್ಮ ಮದ್ದು ಬೋ ಒಳ್ಳೇದು. ಅವಳ ಎದೆ ವಾಸಿ ಆಯ್ತು, ಚೆನ್ನಾಗ್ ಉಸಿರಾಡ್ತಾವ್ಳೆ, ನಂಗೂ ಸಂತೋಸ. ಆದ್ರೆ ಮೂಗಿನ ಮದ್ದು ನಿಲ್ಲಿಸ್ಬುಡಿ."

"ಎರಡೂ ಒಂದೇ ಮನೆ ಅಂತ ಹೇಳಿದ್ದೆನಲ್ಲ ಯಜಮಾನರೇ."

"ಏಳುದ್ರಿ. ಅದ್ಕೇ ಕೇಳ್ತಿವ್ನಿ. ನಡುಮಧ್ಯ ಒಂದು ಗೋಡೆ ಆಕಕ್ಕಾಯ್ತದಾ? ಎದೆ ತೆಗ್ದಿರ್ಲಿ, ಮೂಗು ಮುಚ್ಚಿರ್ಲಿ."

ನಗು ತಡೆದುಕೊಂಡು ಗದರಿದೆ. ಆಕೆಯ ಉಬ್ಬಸಕ್ಕೆ ನಿಮ್ಮ ಹೊಗೆಯ ಪಾಲೂ ಇದೆ, ಬೀಡಿ ಬಿಟ್ಟರೆ ಅವರ ಮೂಗಿಗೆ ನೀವು ಹೆದರಬೇಕಾಗೇ ಇಲ್ಲ ಎಂದೆ. ಅವರು ಎದೆಯ ಮೇಲಿನ ಲಿಂಗ ಮುಟ್ಟಿಕೊಂಡರು.

"ಬುಟ್ಬುಟ್ಟೆ ಡಾಕ್ಟ್ರಮ್ಮ, ಮಾದಪ್ಪನಾಣೆ. ಅವತ್ತೇ ಕೊನೆ. ಇನ್ನು ಅದರ ಸಾವಾಸ ಇಲ್ಲ."

ಎಂಥ ಒಳ್ಳೆಯ ಮನುಷ್ಯ ಎಂದು ನಾನು ಇನ್ನೇನು ನಂಬಬೇಕು, ಪರದೆಯ ಆಚೆಯಿಂದ ಎರಡು ಸಲ ಮೂಗೆಳೆದ ಸದ್ದು ಕೇಳಿತು. ಹಿಂದೆಯೇ ಅಡುಗೆಯಮ್ಮನ ದನಿ:

"ತಾಯಿ, ಒಳಗಿಂದ ಏಲಕ್ಕಿ ವಾಸ್ನೆ ಬತ್ತಾ ಅದೆ. ಬುಟ್ಬುಟ್ಟೋರಿಗೆ ಏಲಕ್ಕಿ ಯಾಕ್ ಬೇಕು ಅಂತ ಕೇಳಿ!"