ಗ್ಲೌಸಿನೊಳಗಿನ ರಿಮೋಟು

ಒಮಾನಿನ ಕನ್ನಡಿಗರ ಕ್ರಿಕೆಟ್ಟಿಗೆ ಆಕ್ಷನ್ ಫೋಟೋ ಎಂಬುದನ್ನು ಮೊದಲು ತಂದವರು ನನ್ನ ಭಾವ. ಹಾಗೆಂದು ಹೇಳುವವರು ಸದ್ಯಕ್ಕೆ ಅವರೊಬ್ಬರೇ! ಆದರೆ ಮಾತು ಪೂರ್ತಿ ಸುಳ್ಳಲ್ಲ. ಅವರಿಗಿಂತ ಮೊದಲು ನಮ್ಮಲ್ಲಿ ಕ್ರಿಕೆಟ್ ಫೋಟೋ ಎಂದರೆ ಆಟ ಮುಗಿದ ಮೇಲೆ ಕಪ್ ಹಿಡಿದು, ತಂಪು ಕನ್ನಡಕ ಹಾಕಿಕೊಂಡು, ಸಾಲಾಗಿ ನಿಲ್ಲುವುದು. ಸೋತವರಿಗೆ ಫೋಟೋವೇ ಇರಲಿಲ್ಲ.

ಈ ಭಾವ ನನ್ನ ಹೆಂಡತಿಯ ಅಣ್ಣ. ಊರು ಉಡುಪಿ ಕಡೆ; ಕೆಲಸ ಅಲ್ ಗುಬ್ರಾದಲ್ಲಿ, ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುವ ನೀರು ಮಾಡುವ ಸ್ಥಾವರದಲ್ಲಿ. ವಯಸ್ಸು ಐವತ್ತು ದಾಟಿದೆ. ಇಪ್ಪತ್ತು ವರ್ಷಗಳಿಂದ ನಮ್ಮ ತಂಡದ ವಿಕೆಟ್ ಕೀಪರ್. ಕ್ಯಾಪ್ಟನ್ ನಾನು. ಅಂದರೆ ಅವರನ್ನು ಆಡಿಸಬೇಕೇ, ಬಿಡಬೇಕೇ ಎಂಬ ತಲೆನೋವು ನನ್ನದು. ಇಲ್ಲಿ ವಾರದ ರಜೆಯೂ ನಮ್ಮ ಆಟವೂ ಶುಕ್ರವಾರ; ಸ್ಟಂಪಿನ ಹಿಂದಿನ ಆ ಜಾಗ ಹೋದರೆ ಭಾವನಿಗೆ ಶುಕ್ರವಾರವೇ ಇಲ್ಲ.

ಅವರ ವ್ಯವಸ್ಥೆ ಹೀಗೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಬೌಂಡರಿಯ ಆಚೆ ನಿಲ್ಲುತ್ತದೆ. ಬೆಂಕಿಪೊಟ್ಟಣದಷ್ಟಿರುವ ಅದರ ರಿಮೋಟು ಭಾವನ ಎಡಗೈ ಗ್ಲೌಸಿನೊಳಗೆ ಕೂರುತ್ತದೆ. ಬಾಲು ಬ್ಯಾಟಿಗೆ ತಾಗುವ ಗಳಿಗೆಯಲ್ಲಿ ಹೆಬ್ಬೆರಳು ಒತ್ತಬೇಕು. ಒತ್ತಿದರೆ ಗ್ಲೌಸು ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಗ್ಲೌಸಿನಲ್ಲಿ ಕ್ಯಾಚ್ ಹಿಡಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

"ನೋಡಿ ಒತ್ತಿದ್ರೆ ತಡ ಆಗ್ತದೆ ಮಾರಾಯ, ಬೆರಳಿಗೆ ಮೊದಲೇ ಗೊತ್ತಾಗ್ಬೇಕು" ಎನ್ನುವುದು ಅವರ ಸಿದ್ಧಾಂತ. ಮನೆಯಲ್ಲೂ ಅದೇ. ನಮ್ಮ ಮಗಳ ಹುಟ್ಟುಹಬ್ಬದ ಅಷ್ಟೂ ಫೋಟೋಗಳಲ್ಲಿ ಚಾಕು ಕೇಕಿಗಿಂತ ಒಂದು ಗೇಣು ಮೇಲಿದೆ.

"ಅಣ್ಣ, ನನ್ನ ಬಾಯಿ ಮುಚ್ಚಿದ ಫೋಟೋ ಒಂದಾದ್ರೂ ಉಂಟಾ?" ಎಂದು ನನ್ನ ಹೆಂಡತಿ ರೇಗಿದಳು.

"ಎಲ್ಲಿಂದ ತರುದು? ನಾನು ತೆಗೆಯುದು ನಡೆದದ್ದನ್ನು ಮಾತ್ರ."

ನಾನು ನಕ್ಕೆ. ಆಮೇಲೆ ಅನುಭವಿಸಿದೆ.

ಸೆಮಿಫೈನಲ್ಲಿನಲ್ಲಿ ನಮ್ಮ ಬೌಲರನ ಮೊದಲ ಎಸೆತವೇ ಬ್ಯಾಟಿನ ಅಂಚು ಸವರಿ ನೇರ ಭಾವನ ಬಳಿ ಬಂತು. ನನ್ನ ಮಗಳೂ ಹಿಡಿಯುವಂಥ ಕ್ಯಾಚು! ನೆಲಕ್ಕೆ ಬಿತ್ತು. ಆ ಬ್ಯಾಟ್ಸ್‌ಮನ್ ಐವತ್ತು ಹೊಡೆದ.

"ಇಬ್ರಿಯಿಂದ ಮೂರು ಗಂಟೆ ಕಾರು ಓಡಿಸ್ಕೊಂಡು ಬಂದದ್ದು ಇದಕ್ಕಾ?" ಎಂದು ಇನ್ನಿಂಗ್ಸ್ ಮುಗಿದ ಮೇಲೆ ಬೌಲರ್ ಕೂಗಾಡಿದ. ಭಾವ ತಣ್ಣಗೆ ಕ್ಯಾಮೆರಾ ತಂದು ತೋರಿಸಿದರು. ಬ್ಯಾಟಿನ ಅಂಚು, ಅದಕ್ಕೆ ಆಗಷ್ಟೇ ತಾಗಿದ ಬಾಲು, ಹಿಂದೆ ಎರಡೂ ಕೈ ಎತ್ತಿದ ಬೌಲರ್. ಸಿಟ್ಟಿಗೆದ್ದ ಆಸಾಮಿ ಐದೇ ನಿಮಿಷದಲ್ಲಿ ಅದನ್ನು ವಾಟ್ಸ್ಯಾಪಿನ ಡಿಪಿ ಮಾಡಿಕೊಂಡ. ಹೇಗೋ ಒಂದು ರನ್ನಿನಿಂದ ಗೆದ್ದೆವು.

ಫೈನಲ್ಲಿಗೆ ಮಾತ್ರ ನಾನು ಕಲ್ಲಾದೆ. ಗುರುವಾರ ಸಂಜೆ ಅವರ ಫ್ಲ್ಯಾಟಿಗೆ ಹೋಗಿ, ಚಾ ಕುಡಿದು, ಮಂಗಳೂರಿನ ಹೊಸ ಹುಡುಗ ಕೀಪಿಂಗ್ ಮಾಡುತ್ತಾನೆ ಎಂದೆ.

"ಹಾಗಾದ್ರೆ ನಾನು ಖಲಾಸ್?" ಭಾವ ನಗಲು ನೋಡಿದರು. "ಕ್ಯಾಮೆರಾ ತರ್ಬಹುದಲ್ಲಾ?"

"ತನ್ನಿ ಭಾವ."

ಬೌಷರಿನ ಮೈದಾನದಲ್ಲಿ ನಾವು ಗೆದ್ದೆವು. ಹೊಸ ಹುಡುಗ ಮೂರು ಕ್ಯಾಚು ಹಿಡಿದ. ನನ್ನ ಲೆಕ್ಕಾಚಾರ ಸರಿಯಾಗಿತ್ತು. ಕಪ್ ಹಿಡಿದು ನಿಂತಾಗ ಬೀಗುತ್ತಿದ್ದೆ ಎಂದರೂ ತಪ್ಪಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ತಂಡದ ಗ್ರೂಪಿಗೆ ಫೋಟೋ ಬಂದವು. ನನ್ನ ಹೆಂಡತಿ ಒಂದೊಂದಾಗಿ ಸರಿಸಿ ನೋಡಿದಳು.

"ಇದೆಂತ, ಅಣ್ಣ ಬರೀ ಕೈಯದ್ದೇ ತೆಗ್ದಿದ್ದಾನೆ?"

ನಾನೂ ನೋಡಿದೆ. ನಲವತ್ತಕ್ಕೂ ಹೆಚ್ಚು ಫೋಟೋ. ಒಂದರಲ್ಲೂ ಬ್ಯಾಟಿಲ್ಲ, ಕಪ್ಪಿಲ್ಲ, ನಾನಿಲ್ಲ. ಬರೀ ಕೀಪರನ ಎರಡು ಗ್ಲೌಸು, ನಡುವೆ ಆಗಷ್ಟೇ ಬಂದು ಕೂತ ಬಾಲು. ಪ್ರತಿ ಸಲವೂ ಅದೇ ಗಳಿಗೆ. ಬೌಂಡರಿಯ ಆಚೆ ಕೂತು, ಬಿಸಿಲಿನಲ್ಲಿ, ನನ್ನ ಭಾವ ಅಷ್ಟೂ ಬಾಲುಗಳನ್ನು ಹಿಡಿದಿದ್ದರು.

ನಾಚಿಕೆಯಾಯಿತು. ಎದ್ದು ಕೈ ತೊಳೆದು ಫೋನ್ ಮಾಡಿದೆ.

"ಭಾವ, ಮುಂದಿನ ಶುಕ್ರವಾರ ನೀವೇ ಕೀಪರ್."

ಇಪ್ಪತ್ತು ವರ್ಷಗಳಿಂದ ಒಂದು ವಾರವೂ ತಪ್ಪದೆ ಬೆಳಿಗ್ಗೆ ಆರೂವರೆಗೆ ಮೈದಾನದಲ್ಲಿರುವ ಮನುಷ್ಯ, ಸಣ್ಣ ದನಿಯಲ್ಲಿ ಕೇಳಿದರು:

"ಎಷ್ಟು ಗಂಟೆಗೆ ಬರ್ಬೇಕು?"