ಫೋನಿನಲ್ಲಿ ಕರೆದರೆ

ಹೊಸ ಆಪ್ ಒಂದು ಬಂತು ಅಂದರೆ ನಮ್ಮನೆಯಲ್ಲಿ ಎಡವಟ್ಟು ಒಂದು ಆಯಿತು ಅಂತಲೇ ತಿಳಿಯಿರಿ. ಮಗಳು "ಅಮ್ಮಾ, ಅಪ್‌ಡೇಟ್ ಆಗು" ಅಂತಾಳೆ, ನಾನು ಆಗ್ತೀನಿ, ಆಮೇಲೆ ಒಂದು ವಾರ ಯಾರಿಗೂ ಮುಖ ತೋರಿಸೋ ಹಾಗಿರಲ್ಲ. ಹೇಳಿದಾಗೆಲ್ಲ ಜನ ನಗ್ತಾರೆ, ನಾನೂ ನಗ್ತೀನಿ. ಆದರೆ ಈಗೀಗ ನಗು ಮುಗಿದ ಮೇಲೆ ಗೋರ್ವಾದ ಅಕ್ಕ ನೆನಪಾಗ್ತಾರೆ.

ಈ ಅಕ್ಕ ಯಾರು ಅಂತ ಮೊದಲೇ ಹೇಳಿಬಿಡ್ತೀನಿ. ನಮ್ಮವರದು ಬ್ಯಾಂಕು. ತುಮಕೂರಿನಿಂದ ಎತ್ತಿ ಒಗೆದದ್ದು ಸೂರತ್ತಿಗೆ, ಅಲ್ಲಿಂದ ವಡೋದರಾಕ್ಕೆ, ಕೊನೆಗೆ ಅಹಮದಾಬಾದಿಗೆ. ವಡೋದರಾದ ಗೋರ್ವಾದಲ್ಲಿ ಬಾಡಿಗೆ ಮನೆಗೆ ಸಾಮಾನು ಇಳಿಸುತ್ತಿದ್ದಾಗ ಪಕ್ಕದ ಮನೆ ಬಾಗಿಲಲ್ಲಿ ನಿಂತು "ಕನ್ನಡದಾವ್ರೇನವಾ?" ಅಂತ ಕೇಳಿದವರು ಈ ಅಕ್ಕ. ಧಾರವಾಡದ ಕಡೆಯವರು. ಅವರ ಯಜಮಾನರು, ಅಂದರೆ ನಾನು ಭಾವ ಅನ್ನೋರು, ಅಲ್ಲೇ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ನನ್ನ ಮಗಳು ಹುಟ್ಟಿದಾಗ ಊರಿಂದ ಅಮ್ಮನಿಗೆ ಬರೋಕಾಗಲಿಲ್ಲ. ಬಾಣಂತನ ಮಾಡಿದ್ದು, ಮಗುವನ್ನ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹಾಕಿದ್ದು ಎಲ್ಲಾ ಈ ಅಕ್ಕನೇ. ಅವತ್ತೇ ಹೇಳಿದ್ದರು: "ಇಕಿ ಕುಬಸದಾಗ ಮೊದಲ ಆರತಿ ನಂದ. ಮರೀಬ್ಯಾಡ ಮತ್ತ." ಕುಬಸ ಅಂದರೆ ನಮ್ಮ ಕಡೆ ಸೀಮಂತ.

ಮರೆಯೋದುಂಟೇ ಅಕ್ಕಾ, ಅಂದಿದ್ದೆ.

ರಂಗೋಲಿಗೆ ಹಾಜರಿ

ನಾವು ಅಹಮದಾಬಾದಿಗೆ ಬಂದ ಮೇಲೆ ಅಕ್ಕ ದೊಡ್ಡ ಫೋನು ತಗೊಂಡರು. ಸ್ಟೇಟಸ್ ಹಾಕೋದನ್ನ ಕಲಿಸಿದ ಪುಣ್ಯಾತ್ಗಿತ್ತಿ ನಾನೇ. ಅಂದಿನಿಂದ ದಿನಾ ಬೆಳಗ್ಗೆ ಅವರ ಹೊಸಿಲ ರಂಗೋಲಿ ಸ್ಟೇಟಸ್ಸಿನಲ್ಲಿ ಹಾಜರ್. ಯಾರು ನೋಡಿದರು ಅಂತ ಹೆಸರೂ ಬರುತ್ತೆ ಅನ್ನೋದನ್ನ ನಾನು ಕಲಿಸಿರಲಿಲ್ಲ, ಅದನ್ನ ಅವರೇ ಕಂಡುಹಿಡಿದರು.

ಒಂದು ದಿನ ಕುಕ್ಕರ್ ಕೂಗೋ ಹೊತ್ತಿಗೆ ಫೋನು. "ಯಾಕವಾ, ಆರಾಮ ಇಲ್ಲೇನು?"

"ಚೆನ್ನಾಗೇ ಇದ್ದೀನಲ್ಲ ಅಕ್ಕಾ."

"ಮತ್ತ ನಿನ್ನೆ ರಂಗೋಲಿ ನೋಡಿಲ್ಲ? ನಿನ್ನ ಹೆಸರ ಇಲ್ಲಲಾ ಇಲ್ಲೆ?"

"ಅಯ್ಯೋ, ಕೆಲಸದ ಗಡಿಬಿಡಿ ಅಕ್ಕಾ. ಅದಕ್ಕೆಲ್ಲಾ ಯಾರಾದರೂ ಲೆಕ್ಕ ಇಡ್ತಾರಾ?"

"ಇಡತೇನವಾ. ಮನಿ ಮುಂದಿನ ರಂಗೋಲಿ ತುಳದು ಹೋದವ್ರನ್ನ ನಾ ಎಂದೂ ಕೇಳಿಲ್ಲ. ನೋಡಲಾರ್ದ ಹೋದವ್ರನ್ನ ಕೇಳತೇನಿ."

ಅವತ್ತಿನಿಂದ ನಮ್ಮನೆ ದೇವರಿಗೆ ದೀಪ ಆಮೇಲೆ, ಅಕ್ಕನ ಸ್ಟೇಟಸ್ಸು ಮೊದಲು.

ಗೇಟಿನ ತನಕ ಬಂದ ಒಗ್ಗರಣೆ

ನಮ್ಮ ಸೊಸೈಟಿಗೆ ಒಂದು ಆಪ್ ಬಂತು. ಮನೆಗೆ ಯಾರೇ ಬರಲಿ, ಗೇಟಿನಲ್ಲಿ ವಾಚ್‌ಮನ್ ಅವರ ಫೋಟೋ ಹೊಡೆದು ಕಳಿಸ್ತಾನೆ, ನಾವು ಹೂಂ ಅಂತ ಒತ್ತಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಸಾಕ್ಷಾತ್ ಬ್ರಹ್ಮ ಬಂದರೂ ಅಷ್ಟೇ.

ಅದೇ ಕಾಲಕ್ಕೆ ನನಗೆ ಲೈವ್ ಹುಚ್ಚು ಹಿಡಿದಿತ್ತು. ಮಗಳು ಫೋನನ್ನ ಹಿಟ್ಟಿನ ಡಬ್ಬಕ್ಕೆ ಒರಗಿಸಿ, ಕಾಲ್ ಬಂದರೆ ತೊಂದರೆ ಅಂತ ಎಲ್ಲ ಸದ್ದು ಬಂದ್ ಮಾಡಿ, "ಹಂ, ಶುರು ಮಾಡು" ಅಂದಳು. ನಾನು ರೇಷ್ಮೆ ಸೀರೆಯ ಮೇಲೆ ಏಪ್ರನ್ ಕಟ್ಟಿಕೊಂಡು ಬಿಸಿಬೇಳೆಭಾತ್ ಮಾಡ್ತಾ ಮಾಡ್ತಾ ಭಾಷಣ: "ನೋಡಿ, ನಮ್ಮ ಕಡೆ ಸಂಪ್ರದಾಯ ಏನು ಗೊತ್ತಾ? ಯಾರು ಯಾವಾಗ ಬಂದರೂ ಒಂದು ತಟ್ಟೆ ಹಾಕಿಬಿಡೋದು. ಹೇಳಿ ಬರಬೇಕು, ಕೇಳಿ ಬರಬೇಕು ಅಂತೆಲ್ಲಾ ಇಲ್ಲವೇ ಇಲ್ಲ."

ಸರಿಯಾಗಿ ಅದೇ ಹೊತ್ತಿಗೆ ವಡೋದರಾದಿಂದ ಹೇಳದೆ ಕೇಳದೆ ಗೇಟಿಗೆ ಬಂದಿದ್ದರು ಅಕ್ಕ, ಕೈಯಲ್ಲಿ ಹೋಳಿಗೆ ಡಬ್ಬಿ ಹಿಡಕೊಂಡು. "ಉಪರ್ ಸೇ ಅಪ್ರೂವಲ್ ನಹೀ ಆಯಾ" ಅಂತ ವಾಚ್‌ಮನ್ ಅವರನ್ನ ತನ್ನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ್ದ. ಅಕ್ಕ ಫೋನ್ ಮಾಡಿದ್ದಾರೆ, ನಾನು ಎತ್ತಿಲ್ಲ. ಕೊನೆಗೆ ಬೇಜಾರು ಕಳೆಯೋಕೆ ಫೋನ್ ತಿರುವಿದರೆ, ಅದರಲ್ಲಿ ನಾನು!

ಲೈವ್ ಮುಗಿಸಿ ನೋಡಿದರೆ ಅಕ್ಕನ ಧ್ವನಿಯ ಮೆಸೇಜು: "ಅಡಿಗಿ ಛಲೋ ಆಗೇದ ಬಿಡವಾ. ಒಗ್ಗರಣಿ ವಾಸನಿ ಗೇಟಿನ ತನಕಾ ಬಂತು."

ಏಪ್ರನ್ನಿನಲ್ಲೇ ಕೆಳಗೆ ಓಡಿದೆ. ಅಕ್ಕ ಬಿದ್ದು ಬಿದ್ದು ನಕ್ಕರು, ಮೇಲೆ ಬಂದು ಎರಡು ಸಲ ಹಾಕಿಸಿಕೊಂಡು ಉಂಡರು. ಹೊರಡುವಾಗ ಚಪ್ಪಲಿ ಹಾಕಿಕೊಳ್ತಾ ಮಾತ್ರ, "ಗೋರ್ವಾದಾಗ ಬಾಗಲಾ ಬಡೀಲಾರ್ದ ಒಳಗ ಬರತಿದ್ವಿ, ಅಲ್ಲ?" ಅಂದರು. ನಾನು ಹೂಂ ಅಂದು ಲಿಫ್ಟಿನ ಗುಂಡಿ ಒತ್ತಿದೆ.

ಟ್ಯೂಬ್‌ಲೈಟಿನ ಹಸಿರು

ಬಸುರಿ ಮಗಳಿಗೆ ಏಳು ತಿಂಗಳು ತುಂಬುತ್ತಾ ಬಂತು. ಸೀಮಂತದ ಹಸಿರು ಸೀರೆ ತಾವೇ ಕೊಡೋದು ಅಂತ ಅಕ್ಕನ ಪಟ್ಟು. ಸೂರತ್ತಿನ ಉಧ್ನಾದಲ್ಲಿ ನಮಗೆ ಗೊತ್ತಿದ್ದ ಒಂದು ಅಂಗಡಿ ಈಗ ವಿಡಿಯೋ ಕಾಲಿನಲ್ಲೇ ಸೀರೆ ತೋರಿಸುತ್ತೆ. ಗೋರ್ವಾದಿಂದ ಅಕ್ಕ, ಅಹಮದಾಬಾದಿನಿಂದ ನಾನು, ನಡುವೆ ಪಾಪ ಆ ಅಂಗಡಿಯವನು.

ಹಸಿರು ಸೀರೆ ಬಿಚ್ಚಿದ. ಅಕ್ಕ ಕಣ್ಣು ಕಿರಿದು ಮಾಡಿ, "ಭೈಯಾ, ಬಾಹರ್ ಲೇಕೆ ಜಾವ. ಟ್ಯೂಬ್‌ಲೈಟಿನ್ಯಾಗ ಬಣ್ಣ ಸುಳ್ಳ ಹೇಳತದ" ಅಂದರು. ಅರ್ಧ ಅರ್ಥವಾಗಿ, ಅವನು ಸೀರೆ ಹೊತ್ತು ಮೆಟ್ಟಿಲಿಳಿದು ರಸ್ತೆಗೆ ಬಂದ. ಪಕ್ಕದಲ್ಲಿ ಆಟೋ ಹಾರನ್ನು, ಹಿಂದೆ ಬಟ್ಟೆಯ ಥಾನುಗಳನ್ನ ಹೊತ್ತ ಟೆಂಪೋ.

"ಅಚ್ಛಾ ಹೈ. ಅಬ್ ಥೋಡಾ ನೆರಳಿನ್ಯಾಗ."

ನೆರಳಿಗೆ ಹೋದ.

"ಅಬ್ ಸೆರಗ ಹೆಗಲ ಮ್ಯಾಲೆ ಹಾಕ್ಕೊಂಡ ತೋರಸ."

ನಡುಬೀದಿಯಲ್ಲಿ ಆ ಮೀಸೆಯ ಮನುಷ್ಯ ಸೆರಗು ಹೊದ್ದು ನಿಂತ. ಟೆಂಪೋದವನು ಶಿಳ್ಳೆ ಹೊಡೆದ. ಇವನು ಕೈ ಮುಗಿದು, "ಮಾಸಿ, ಸೂರತ್ ಆವೀ ಜಾವ್ ನೆ! ಭಾಡುಂ ಹುಂ ಆಪೀಶ್!" ಅಂದ. ಸೂರತ್ತಿಗೇ ಬಂದುಬಿಡಿ ತಾಯಿ, ರೈಲು ಚಾರ್ಜು ನಾನೇ ಕೊಡ್ತೀನಿ ಅಂತ.

ಅಕ್ಕನಿಗೆ ಸಿಟ್ಟು ಬರುತ್ತೆ ಅಂದುಕೊಂಡರೆ ಮುಖ ಊರಗಲ. "ನೋಡ ಹೆಂಗ ಕರದಾ! ಸೀರಿ ಮಾರಾವ ಸುದ್ದಾ ಬಾಯಿ ತುಂಬ ಕರೀತಾನ. ಅದನ್ನ ತಗೊಳ್ಳೂಣು."

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಇಬ್ಬರು ಅತಿಥಿಗಳು

ನಮ್ಮಲ್ಲಿ ಕರೆಯೋದು ಅಂದರೆ ಮನೆಗೆ ಹೋಗಬೇಕು, ಕುಂಕುಮ ಇಡಬೇಕು, ಅಕ್ಷತೆ ಕೊಟ್ಟು "ಬಂದು ನಡೆಸಿಕೊಡಿ" ಅನ್ನಬೇಕು. ಕುಂಕುಮದ ಭರಣಿ ತೆಗೆದಿಟ್ಟು, ಬೆಳಗಿನ ರೈಲಿಗೆ ವಡೋದರಾಕ್ಕೆ ಹೋಗಿ ಬರ್ತೀನಿ ಅಂತ ಹೊರಟಿದ್ದೆ. ಮಗಳು ತಡೆದಳು.

"ಅಮ್ಮಾ, ಇಷ್ಟು ಬಿಸಿಲಲ್ಲಿ ಕಿಸ್ ಲಿಯೇ? ನಾನು ವಿಡಿಯೋ ಇನ್ವಿಟೇಷನ್ ಮಾಡಿದ್ದೀನಿ, ಟ್ರೆಂಡಿಂಗ್ ಡಿಸೈನ್. ಎಲ್ಲರಿಗೂ ಒಂದೇ ಸಲ ಸೆಂಡ್ ಮಾಡು, ಬಸ್."

ವಿಡಿಯೋದಲ್ಲಿ ತೊಟ್ಟಿಲು ತೂಗ್ತಿತ್ತು, ನವಿಲು ಕುಣೀತಿತ್ತು. ನಮ್ಮವರೂ "ಈಗ ಯಾರೇ ಮನೆ ಮನೆ ತಿರುಗ್ತಾರೆ?" ಅಂದರು. ನಿಜ ಹೇಳ್ತೀನಿ, ಬಿಸಿಲು ನೋಡಿ ನನಗೂ ಕಾಲು ಎಳೆಯಿತು. ಭರಣಿ ಒಳಗಿಟ್ಟೆ, ಸೆಂಡ್ ಒತ್ತಿದೆ.

ಒಂದೇ ಗಳಿಗೆಯಲ್ಲಿ ಮುಗಿದ ಕೈಗಳು, ಗುಲಾಬಿ ಹೂಗಳು ಬಂದು ಬಿದ್ದವು. ಅಕ್ಕ ನೋಡಿದ ಗುರುತಿನ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮರುದಿನ ಸ್ಟೇಟಸ್ಸಿನಲ್ಲಿ ರಂಗೋಲಿಯೂ ಇಲ್ಲ. ಫೋನ್ ಮಾಡಿದೆ.

"ಬಂತ್ರಿ ನಿಮ್ಮ ವಿಡಿಯೋ. ನವಿಲ ಛಲೋ ಕುಣೀತದ."

"ಬರ್ತೀರಲ್ಲ ಅಕ್ಕಾ?"

"ಫೋನಿನ್ಯಾಗ ಕರದೀರಿ. ಬರತೇನಿ ತಗೋರಿ."

ಇಷ್ಟು ವರ್ಷದಲ್ಲಿ ಅಕ್ಕ ನನ್ನನ್ನ ಬಹುವಚನದಲ್ಲಿ ಮಾತಾಡಿಸಿರಲಿಲ್ಲ. ಫೋನ್ ಇಟ್ಟ ಮೇಲೆ ಹೊಳೆಯಿತು. ಆಗಲಾದರೂ ರೈಲು ಹತ್ತಬೇಕಿತ್ತು. ಹೂವಿನವನಿಗೆ ಹೇಳೋದಿತ್ತು, ಅಡುಗೆಯವರನ್ನ ಗೊತ್ತು ಮಾಡೋದಿತ್ತು, ಸುಮ್ಮನಾದೆ.

ಸೀಮಂತದ ದಿನ ಗೇಟಿನ ಆಪ್ ಟಿಂಗ್ ಅಂತು. ಫೋಟೋದಲ್ಲಿ ಭಾವ, ಕೆಳಗೆ "ಅತಿಥಿಗಳು: ಇಬ್ಬರು". ಜೀವ ಬಂದ ಹಾಗಾಯಿತು. ಹೂಂ ಒತ್ತಿ, ಆರತಿ ತಟ್ಟೆ ಹಿಡಿದು ಬಾಗಿಲಿಗೇ ಓಡಿದೆ. ಲಿಫ್ಟಿನಿಂದ ಇಳಿದದ್ದು ಭಾವ ಒಬ್ಬರೇ. ಒಂದು ಕೈಯಲ್ಲಿ ಹಸಿರು ಸೀರೆಯ ಚೀಲ, ಇನ್ನೊಂದರಲ್ಲಿ ಎದೆಗೆ ಹಿಡಿದ ಫೋನು.

"ಅಕ್ಕ ಎಲ್ಲಿ ಭಾವಾ?"

ಭಾವ ಕಳ್ಳನ ಹಾಗೆ ಆಚೀಚೆ ನೋಡಿ, "ಬಂದಾಳಲಾ" ಅಂತ ಫೋನು ತಿರುಗಿಸಿದರು. ಒಳಗೆ ಅಕ್ಕ! ಇಳಕಲ್ ಸೀರೆ, ಮೂಗಿನಲ್ಲಿ ನತ್ತು, ಮುಡಿ ತುಂಬ ಮಲ್ಲಿಗೆ, ಗೋರ್ವಾದ ತಮ್ಮ ಪಡಸಾಲೆಯಲ್ಲಿ ಕೂತಿದ್ದಾರೆ. "ಫೋನಿನ್ಯಾಗ ಕರದಿದ್ರಿ, ಫೋನಿನ್ಯಾಗ ಬಂದೇನ್ರಿ."

ಏನು ಮಾಡೋದು? ಫೋನಿಗೆ ಮುಂದಿನ ಸಾಲಿನ ಕುರ್ಚಿ ಹಾಕಿದೆವು. ಪಕ್ಕದ ಮನೆಯ ಗುಜರಾತಿ ಹೆಂಗಸು "ಎಷ್ಟು ಚೆನ್ನಾಗಿದೆ, ಯಾವ ಆಪ್ ಇದು?" ಅಂತ ಕೇಳಿ ಸೆಲ್ಫಿಯನ್ನೂ ತೆಗೆದುಕೊಂಡರು. ಮೊದಲ ಆರತಿ ಅಕ್ಕನದೇ. ಭಾವ ಫೋನನ್ನ ಮಗಳ ಮುಂದೆ ಹಿಡಿದರು, ಅಲ್ಲಿ ಅಕ್ಕ ತಟ್ಟೆ ಎತ್ತಿದರು, ಇಲ್ಲಿ ಹೆಂಗಸರು ಹಾಡು ಎತ್ತಿದರು. ಆರತಿ ಅರ್ಧಕ್ಕೆ ಬರೋ ಹೊತ್ತಿಗೆ ನೆಟ್‌ವರ್ಕು ನಿಂತಿತು. ತಟ್ಟೆ ಎಡಗಡೆಗೆ ವಾಲಿಸಿಕೊಂಡು ಅಕ್ಕ ಕಲ್ಲಾಗಿಬಿಟ್ಟರು. ಆರತಿ ಮುಗಿಯದೆ ಬಸುರಿ ಏಳೋ ಹಾಗಿಲ್ಲ, ಹಾಡು ನಿಲ್ಲಿಸೋ ಹಾಗಿಲ್ಲ. ಮೊದಲ ನುಡಿಯನ್ನೇ ತಿರುಗಿ ತಿರುಗಿ ಹಾಡಿದೆವು. ಭಾವ ಸಿಗ್ನಲ್ಲಿಗಾಗಿ ಕಿಟಕಿಗೆ ಹೋದರೆ, ಮಗಳನ್ನೂ ಕುರ್ಚಿ ಸಮೇತ ಕಿಟಕಿಗೆ ಎಳೆದದ್ದಾಯಿತು. ಅಲ್ಲಿ ತಟ್ಟೆ ಅಲ್ಲಾಡಿತು, ಆರತಿ ಮುಗಿಯಿತು. ಮಗಳು ನಗ್ತಾ ನಗ್ತಾ ಅತ್ತೇಬಿಟ್ಟಳು. "ದೊಡ್ಡಮ್ಮ ಸಚ್ಚೀ, ನಿಜವಾಗ್ಲೂ ಬರಬೇಕಿತ್ತು ಅಮ್ಮಾ" ಅಂದಳು.

ಬಂದ ಮುತ್ತೈದೆಯನ್ನ ಬರಿಗೈಲಿ ಕಳಿಸೋದುಂಟೇ? ಕುಂಕುಮದ ಭರಣಿ ತಂದು ಫೋನಿನ ಮುಂದೆ ನಿಂತೆ. ಅಕ್ಕ ಮುಖವನ್ನ ತೀರಾ ಹತ್ತಿರ ತಂದಿದ್ದರಿಂದ ಹಣೆ ಗಾಜಿನ ಮೇಲಂಚಿಗೇ ಬಂದಿತ್ತು. ಅಲ್ಲೇ ಇಟ್ಟೆ. ಕ್ಯಾಮರಾನೂ ಅಲ್ಲೇ ಇತ್ತು.

"ಅಯ್ಯ, ಏನೂ ಕಾಣವಲ್ದು! ಎಲ್ಲಾ ಕೆಂಪಗಾತು!" ಅಂತ ಅಕ್ಕ ಕೂಗಿದರು. ಇಡೀ ಮನೆ ಗೊಳ್ಳೆಂದಿತು. ಭಾವ ಒರೆಸೋಕೆ ಕರ್ಚೀಫು ತೆಗೆದರು.

"ಒರಸಬ್ಯಾಡ್ರಿ, ಇರ್ಲಿ" ಅಂತ ಒಳಗಿಂದ ದನಿ. ಆಮೇಲೆ ಅಕ್ಕ ನನಗೊಬ್ಬಳಿಗೇ ಕೇಳೋ ಹಾಗೆ ಅಂದರು:

"ಹುಚ್ಚಿ, ಇದನ್ನ ಮೊದಲ ಬಂದು ಇಟ್ಟಿದ್ರ ನಾನ ಬರತಿದ್ನೆಲ್ಲಾ."